ಕಡಲಕುದುರೆಯ ಸಹವಾಸಿಗಳು: ಮತ್ಸ್ಯಾಗಾರದ ಇತಿಹಾಸದಲ್ಲಿ ಒಂದು ಪ್ರಕರಣ

ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನು ಸಾಕುವ ಪದ್ಧತಿಯ ಇತಿಹಾಸವನ್ನು ಬರೆಯುವವರು ಗಾಜು, ನೀರು, ಗಾಳಿ ಇವುಗಳ ವಿಚಾರವನ್ನೇ ಹೆಚ್ಚಾಗಿ ಎತ್ತುತ್ತಾರೆ. ಯಾವ ಪ್ರಾಣಿಯನ್ನು ಯಾವುದರೊಡನೆ ಇರಿಸಬೇಕೆಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಕಡಲಕುದುರೆಯ ಮಟ್ಟಿಗಾದರೋ ಅದರ ಅಳಿವು ಉಳಿವುಗಳು ಈ ಪ್ರಶ್ನೆಯನ್ನೇ ಅವಲಂಬಿಸಿವೆ.

ಲಂಡನ್ನಿನ ರಸಾಯನಜ್ಞನಾದ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತನ್ನದೊಂದು ಪ್ರಯೋಗವನ್ನು ಪ್ರಕಟಿಸಿದನು. ಎರಡು ಹೊಂಬಣ್ಣದ ಮೀನುಗಳನ್ನು ವ್ಯಾಲಿಸ್ನೇರಿಯಾ ಎಂಬ ಜಲಸಸ್ಯದೊಡನೆ ಆತನು ಸಾಕಿದ್ದನು. ಸಸ್ಯವು ಆಮ್ಲಜನಕವನ್ನೇನೋ ಒದಗಿಸಿತು; ಆದರೆ ಅದರ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಆತನು ಕೊಳದ ಬಸವನಹುಳುಗಳನ್ನು ತಂದು ಬಿಡಲಾಗಿ ಅವು ಕೊಳೆತುದನ್ನು ತಿಂದು ತೊಟ್ಟಿಯನ್ನು ಶುದ್ಧಗೊಳಿಸಿದವು. ಸಹವಾಸಿಯನ್ನು ಅಂದಕ್ಕಾಗಿ ಅಲ್ಲ, ಕೆಲಸಕ್ಕಾಗಿ ಆರಿಸಿದ ದೃಷ್ಟಾಂತವಿದು. ಮುಂದಿನ ಪೀಳಿಗೆ ಇದನ್ನು ಸಾಕಷ್ಟು ಗಮನಿಸಲಿಲ್ಲವೆಂದೇ ನಮ್ಮ ಅಭಿಪ್ರಾಯ.

1853ರಲ್ಲಿ ಲಂಡನ್ನಿನ ಮೃಗೋದ್ಯಾನದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ಸನ ‘ದಿ ಅಕ್ವೇರಿಯಂ’ ಎಂಬ ಗ್ರಂಥ ಪ್ರಕಟವಾಗಿ, ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳಲ್ಲಿ ಕಡಲ ತೊಟ್ಟಿ ಒಂದು ಹುಚ್ಚಾಗಿ ಹಬ್ಬಿತು. ಕಂಡುದನ್ನೆಲ್ಲ ಒಂದೇ ತೊಟ್ಟಿಗೆ ತುಂಬುವ ಈ ಅಭಿರುಚಿಗೆ ಹೂವಿನಂಥ ಸಮುದ್ರ ಅನಿಮೋನಿ ಅತ್ಯಂತ ಪ್ರಿಯವಾಗಿತ್ತು. ಕರಾವಳಿಯ ಕಲ್ಲುಮಡುಗಳು ಬರಿದಾದುದನ್ನು ಗಾಸ್ಸನ ಮಗನೇ 1907ರ ತನ್ನ ಆತ್ಮಕಥನದಲ್ಲಿ ವ್ಯಥೆಯಿಂದ ದಾಖಲಿಸಿದ್ದಾನೆ.

ಇಂಥ ತೊಟ್ಟಿ ಕಡಲಕುದುರೆಗೆ ಎಷ್ಟು ಪ್ರತಿಕೂಲವೆಂಬುದು ಅದರ ಶರೀರರಚನೆಯಿಂದಲೇ ವಿದಿತವಾಗುತ್ತದೆ. ಅದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ಬಾಲದಿಂದ ಆಸರೆಯನ್ನು ಹಿಡಿದು, ಮೂತಿಯ ಮುಂದೆ ಬಂದ ಸಣ್ಣ ಸಿಗಡಿಯನ್ನು ಕೊಳವೆಯಿಂದೆಂಬಂತೆ ಹೀರುತ್ತದೆ. ಉಂಡುದು ಬೇಗನೆ ಸಾಗಿಹೋಗುವುದರಿಂದ ದಿನಕ್ಕೆ ಹಲವು ಸಲ ಆಹಾರ ಬೇಕು. ಚುರುಕಾದ ಮೀನುಗಳಿದ್ದಲ್ಲಿ ಅವು ತಿಂದು ಮುಗಿಸುವ ತನಕ ಇದು ನೋಡುತ್ತ ಉಪವಾಸವಿರುತ್ತದೆ. ಅನಿಮೋನಿಯನ್ನು ಆಸರೆಯೆಂದು ಅಪ್ಪಿದರೆ ಅದರ ಕುಟುಕಿಗೆ ಬಾಲ ತುತ್ತಾಗುತ್ತದೆ. ದೊಡ್ಡ ಏಡಿಗಳೂ ಬಾಲವನ್ನು ಬಿಡವು. ಹಳೆಯ ರಸಿಕರ ಅಚ್ಚುಮೆಚ್ಚಿನ ಒಡನಾಡಿಯೇ ಇದರ ಶತ್ರು!

ಆಹಾರದ ತೊಡಕು ಸಡಿಲವಾದದ್ದು 20ನೆಯ ಶತಮಾನದಲ್ಲಿ. 1933ರಲ್ಲಿ ಆಲ್ವಿನ್ ಸೀಲ್, 1939ರಲ್ಲಿ ರೋಲೆಫ್ಸೆನ್ ಇವರು ಆರ್ಟೀಮಿಯಾ ಎಂಬ ಉಪ್ಪುನೀರಿನ ಸೂಕ್ಷ್ಮ ಸಿಗಡಿಯ ಮರಿಗಳು ಮೀನುಮರಿಗಳಿಗೆ ಉತ್ತಮ ಆಹಾರವೆಂದು ತೋರಿಸಿದರು. ಒಣಗಿಸಿಟ್ಟ ಮೊಟ್ಟೆಗಳಿಂದ ಜೀವಂತ ಆಹಾರ ಬೇಕೆಂದಾಗ ದೊರೆಯುವಂತಾಯಿತು. ಅದೇ ದಶಕದಲ್ಲಿ ಫ್ರಾನ್ಸಿನ ಜಾನ್ ಪ್ಯಾಂಲೆವೆ ಗಂಡು ಕಡಲಕುದುರೆಯ ಪ್ರಸವವನ್ನು ತೊಟ್ಟಿಯಲ್ಲಿ ಚಿತ್ರೀಕರಿಸಿ ಜನಸಾಮಾನ್ಯರಿಗೆ ತೋರಿಸಿದನು. ಕುತೂಹಲ ಬೆಳೆಯಿತು, ಅದರ ಬೆನ್ನಿಗೇ ಬೇಡಿಕೆಯೂ.

ತೊಟ್ಟಿಯಲ್ಲೇ ಹುಟ್ಟಿ, ಹೆಪ್ಪುಗಟ್ಟಿಸಿದ ಮೈಸಿಡ್ ಸಿಗಡಿಯನ್ನು ತಿನ್ನಲು ಕಲಿತ ಪೀಳಿಗೆಗಳು ವ್ಯಾಪಾರಕ್ಕೆ ಬಂದುದು 1990ರ ದಶಕದಿಂದೀಚೆಗೆ. ಈಗಿನ ಪದ್ಧತಿ ಸರಳ: ಅಗಲಕ್ಕಿಂತ ಎತ್ತರ ಮುಖ್ಯವಾದ ತೊಟ್ಟಿ, ಮಂದವಾದ ಪ್ರವಾಹ, ಬಾಲಕ್ಕೆ ಹಿಡಿಯಲು ಕೊಂಬೆಗಳು, ಉಷ್ಣವಲಯದ ಜಾತಿಗಳಿಗೂ ರೋಗಾಣುಗಳ ಹಾವಳಿ ತಗ್ಗಲೆಂದು 24 ಡಿಗ್ರಿ ಸೆಂಟಿಗ್ರೇಡಿನ ಒಳಗಿನ ನೀರು. ಒಡನಾಡಿಗಳಾಗಿ ಬಸವನಹುಳು ಮತ್ತು ಸಾಧುಸ್ವಭಾವದ ಪುಟ್ಟ ಗೋಬಿ ಮೀನುಗಳು ಸಲ್ಲುತ್ತವೆ. ಹತ್ತಿರದ ಬಂಧುವಾದ ಕೊಳವೆಮೀನು ಹೊಂದುವುದಾದರೂ, ಕಡಲಿನಿಂದ ತಂದುದಾದರೆ ರೋಗವನ್ನೂ ತರಬಹುದು. ವಾರಿಂಗ್ಟನ್ನನ ಬಸವನಹುಳು ಹೀಗೆ ಸಿಹಿನೀರಿನಿಂದ ಉಪ್ಪುನೀರಿಗೆ ಬಂದಿದೆ, ಜಾತಿ ಬೇರೆಯಾದರೂ ಕೆಲಸ ಅದೇ.

ಆದರೆ ಕಡಲಿನಿಂದ ಹಿಡಿಯುವುದು ನಿಂತಿರಲಿಲ್ಲ. ಅಮಾಂಡಾ ವಿನ್ಸೆಂಟ್ ಅವರ 1996ರ ವರದಿಯಂತೆ, ಮುಖ್ಯವಾಗಿ ಚೀನೀ ವೈದ್ಯಕ್ಕಾಗಿ, ವರ್ಷವೊಂದಕ್ಕೆ ಸುಮಾರು 2 ಕೋಟಿ ಒಣ ಕಡಲಕುದುರೆಗಳು ಮಾರಾಟವಾಗುತ್ತಿದ್ದವು. ಮತ್ಸ್ಯಾಗಾರಗಳ ಪಾಲು ಇದರ ಮೇಲೆ. ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗಳ ಮುಳುಗುಗಾರರೂ ಈ ವ್ಯಾಪಾರದಲ್ಲಿದ್ದರು. ಭಾರತ ಸರ್ಕಾರ 2001ರಲ್ಲಿ ಈ ಕುಲವನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಥಮ ಅನುಸೂಚಿಗೆ ಸೇರಿಸಿತು. 2004ರಿಂದ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿತು. ಮುಳುಗುಗಾರನನ್ನು ಕಾಯಿದೆ ತಡೆಯಬಲ್ಲದು. ಸಿಗಡಿಗೆಂದು ಎಳೆದ ಬಲೆಗೆ ತಾನಾಗಿ ಬಂದು ಬೀಳುವ ಕಡಲಕುದುರೆಯನ್ನು ತಡೆಯುವ ಬಗೆ ಹೇಗೆ?