ಗುದ್ದಿದ ಕಾರಿನ ಮೂತಿ ಮನೇಲೇ ರಿಪೇರಿ ಮಾಡೋರಿಗೆ

ಅಂಬಾಸಿಡರ್ ಓಡಿಸಿದೋರು ಈಗ್ಲೂ ಹೇಳ್ತಾರೆ, ಮರಕ್ಕೆ ಗುದ್ದಿದ್ರೂ ಸುತ್ತಿಗೇಲಿ ಬಡಿದು ಅವತ್ತೇ ಸಂತೆಗೆ ಹೋಗ್ತಿದ್ವಿ ಅಂತ. ಮಾತು ಪೂರ್ತಿ ಸುಳ್ಳಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ನಮೂನೆಯ ಗಾಡಿ ಅದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯ್ತು. ದಪ್ಪ ತಗಡು, ಕಬ್ಬಿಣದ ಬಂಪರ್. ಆದ್ರೆ ಮೂತಿ ಮಡಚದಿದ್ರೆ ಪೆಟ್ಟು ಒಳಗೆ ಕೂತೋರ ಮೈಗೇ ಬರುತ್ತೆ.

ಮೂತಿ ಮಡಚ್ಕೋಬೇಕು, ಜನ ಕೂರೋ ಗೂಡು ಮಾತ್ರ ಗಟ್ಟಿ ಇರ್ಬೇಕು ಅಂತ 1950ರ ಸುಮಾರಿಗೇ ಯೋಚಿಸಿದ್ದು ಬೆಂಜ್ ಕಂಪನಿ ಎಂಜಿನಿಯರ್ ಬೇಲಾ ಬರೇನಿ. 1959ರಲ್ಲಿ ಅಂಥ ಕಾರು ಮಾರಾಟಕ್ಕೆ ಬಂತು. ನಮ್ಮ ದೇಶದಲ್ಲಿ ಎದುರು ಗುದ್ದಿನ ಪರೀಕ್ಷೆ ಹೊಸ ಮಾಡೆಲ್‌ಗಳಿಗೆ ಕಡ್ಡಾಯ ಆಗಿದ್ದು 2017ರಲ್ಲಿ!

ನಮ್ಮ ಕಡೆ ಇನ್ನೂ ಓಡ್ತಿರೋ ಹಳೇ ಕಾರು ಅಂದ್ರೆ 1983ರಲ್ಲಿ ಶುರುವಾದ ಮಾರುತಿ 800. ಅದಕ್ಕೆ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಬಂಪರ್, ಲೈಟು, ಬಾನೆಟ್, ರೇಡಿಯೇಟರ್ ಎಲ್ಲ ನಟ್ಟು ಬೋಲ್ಟಿನವು, ಮನೇಲೇ ಬದಲಾಯಿಸಿ. ಬಾನೆಟ್ ಲಾಕ್ ಕಚ್ಚುತ್ತಾ ಅಂತ ನಾಲ್ಕು ಸಲ ನೋಡಿ, ಓಡೋವಾಗ ಎದ್ರೆ ರಸ್ತೆನೇ ಕಾಣಲ್ಲ. ಆಮೇಲೆ ಎಂಜಿನ್ನಿನ ಎರಡೂ ಪಕ್ಕ ಉದ್ದಕ್ಕೆ ಹೋಗಿರೋ ಕಬ್ಬಿಣದ ಪಟ್ಟಿ ನೋಡಿ. ಅಲ್ಲಿ ಸುಕ್ಕು ಬಿದ್ದಿದ್ರೆ, ಬಾಗಿಲ ಸಂದು ಹೆಚ್ಚುಕಮ್ಮಿ ಆಗಿದ್ರೆ, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೀಬೇಡಿ. ಇದನ್ನೇ ದೊಡ್ಡ ಜಾಣತನ ಅನ್ನೋರಿದ್ದಾರೆ. ಮಡಚಿದ ಪಟ್ಟಿ ಕಣ್ಣಿಗೆ ನೆಟ್ಟಗೆ ಕಂಡ್ರೂ ಮೊದಲಿನ ಬಲ ಇರಲ್ಲ. ಅಳತೆ ಹಿಡಿದು ಎಳೆಯೋ ಸಾಮಾನು ಇರೋ ಗ್ಯಾರೇಜಿಗೇ ಕೊಡಿ.