ಜೋಳದ ರೊಟ್ಟಿಯ ಮೇಲೊಂದು ಅಪವಾದ

ಹೋದ ವರ್ಷ ಒಂದು ಸಂಜೆ ನನ್ನ ಮಗಳು ಶಾಲೆಯಿಂದ ಬಂದವಳೇ ಊಟದ ಡಬ್ಬಿಯನ್ನು ಹಾಗೆಯೇ ತಂದಿಟ್ಟಳು. ರೊಟ್ಟಿ ಮುಟ್ಟಿರಲಿಲ್ಲ. "ಅಪ್ಪಾ, ಜ್ವಾಳ ತಿಂದ್ರ ಪೆಲ್ಲಾಗ್ರ ಬರ್ತದಂತ, ಮಿಸ್ ಹೇಳ್ಯಾರ" ಎಂದಳು. ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದು ಮಿಯಾಪುರದಲ್ಲಿ ನೆಲೆಸಿದ ನಮ್ಮಂಥವರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಮಿಸ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆ ಮಾತು ಹುಟ್ಟಿದ್ದು ಇದೇ ಊರಿನಲ್ಲಿ.

1918ರಲ್ಲಿ ಕೂನೂರಿನಲ್ಲಿ ಮೆಕ್ಕಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಪುಟ್ಟ ಪ್ರಯೋಗಾಲಯವು 1958ರಲ್ಲಿ ಹೈದರಾಬಾದಿಗೆ ಬಂದಿತು. ತಾರ್ನಾಕದಲ್ಲಿರುವ ಈ ಸಂಸ್ಥೆಗೆ 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರಾಯಿತು. ಇಲ್ಲಿಗೆ ಬಂದ ವಿಜ್ಞಾನಿಗಳಿಗೆ ಒಂದು ವಿಚಿತ್ರ ಎದುರಾಯಿತು. ಪೆಲ್ಲಾಗ್ರವೆಂದರೆ ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುವ, ಭೇದಿಯಾಗುವ, ಕೊನೆಗೆ ಬುದ್ಧಿಯೂ ಕಲಕುವ ರೋಗ. ಅದು ಮೆಕ್ಕೆಜೋಳವನ್ನೇ ನಂಬಿದವರ ರೋಗವೆಂದು ಜಗತ್ತು ತಿಳಿದಿತ್ತು. ಅಮೆರಿಕದಲ್ಲಿ ಗೋಲ್ಡ್‌ಬರ್ಗರ್ ಇದು ಸೋಂಕಲ್ಲ, ಊಟದ ಕೊರತೆ ಎಂದು 1915ರ ಹೊತ್ತಿಗೇ ತೋರಿಸಿದ್ದರು. ಕೊರತೆ ನಯಾಸಿನ್ ಎಂಬ ಜೀವಸತ್ವದ್ದೆಂದು 1937ರಲ್ಲಿ ತಿಳಿಯಿತು. ಇಲ್ಲಿಯ ರೋಗಿಗಳು ತಿನ್ನುತ್ತಿದ್ದುದಾದರೋ ಬಿಳಿಜೋಳ!

ನಮ್ಮ ದೇಹ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಸ್ವಲ್ಪ ನಯಾಸಿನ್ ತಾನೇ ಮಾಡಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ಅದು ಕಡಿಮೆ, ಜೋಳದಲ್ಲಿ ಅಷ್ಟು ಕಡಿಮೆಯಿಲ್ಲ. ಹಾಗಾದರೆ ರೋಗವೇಕೆ? ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಹೆಚ್ಚು, ಅದೇ ಅಡ್ಡಿ ಮಾಡುತ್ತದೆ ಎಂದು ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಶ್ರೀಕಂಠಯ್ಯನವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. 1963ರ ಲೇಖನದಲ್ಲಿ ಇವರಿಬ್ಬರ ಜೊತೆಗೆ ಭವಾನಿ ಬೆಳವಡಿಯವರ ಹೆಸರೂ ಇದೆ. ಬೆಳವಡಿ ಎಂದೊಡನೆ ಕಿವಿ ನಿಮಿರುವುದು ನಮ್ಮ ಜನರ ಚಾಳಿ, ಇರಲಿ.

ಆಮೇಲೆ ಬೇರೆ ಪ್ರಯೋಗಾಲಯಗಳಲ್ಲಿ ಈ ಫಲಿತಾಂಶ ಎಲ್ಲ ಸಲವೂ ಬರಲಿಲ್ಲ. ವಾದ ನಡೆಯಿತು. ಬಿ6 ಜೀವಸತ್ವದ ಪಾತ್ರವೂ ಇದೆಯೆಂದು ತಾರ್ನಾಕದವರೇ ಹೇಳಿದರು. ಲೇಖನಗಳಲ್ಲಿ ಹೀಗೆ 'ಆದರೆ', 'ಬಹುಶಃ' ಎಂದೆಲ್ಲ ಇರುತ್ತದೆ. ಶಾಲೆಯ ಪಾಠಕ್ಕೆ ಬರುವಾಗ ಅವೆಲ್ಲ ಉದುರಿ ಒಂದು ಸಾಲು ಉಳಿಯುತ್ತದೆ. 1960ರಲ್ಲೇ ಕೇಂದ್ರ ಸರ್ಕಾರ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿ ನೇಮಿಸಿತ್ತು. ಮಕ್ಕಳಿಗೆ ಆರೋಗ್ಯ ಶಿಕ್ಷಣ ಬೇಕೆಂಬ ಮಾತು ಹಳೆಯದೇ. ಕಲಿಸುವವರಿಗೆ ಮೂಲ ಲೇಖನದ ತಿರುಳು ತಲುಪುವ ದಾರಿ ಮಾತ್ರ ಇನ್ನೂ ಕಿರಿದು.

ರೋಗ ಬಂದದ್ದು ಜೋಳವೊಂದೇ ಊಟವಾಗಿದ್ದ ಕಡುಬಡವರಿಗೆ. ಬೇಳೆಯಿಲ್ಲ, ಹಾಲಿಲ್ಲ, ಪಲ್ಯವಿಲ್ಲ. ಅಪರಾಧ ರೊಟ್ಟಿಯದೋ, ಅದರ ಪಕ್ಕದ ಖಾಲಿ ತಟ್ಟೆಯದೋ? ಮಿಯಾಪುರದಿಂದ ಸ್ವಲ್ಪ ದೂರದ ಪಟಾನ್‌ಚೆರುವಿನಲ್ಲಿ 1972ರಿಂದ ಇಕ್ರಿಸ್ಯಾಟ್ ಸಂಸ್ಥೆ ಜೋಳದ ತಳಿಗಳನ್ನು ಬೆಳೆಸುತ್ತಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ಆ ಪಟ್ಟಿಯಲ್ಲಿ ಜೋಳವೂ ಇತ್ತು.

ಮಗಳಿಗೆ ಇಷ್ಟನ್ನು ಹೇಳಲು ಎರಡು ಸಂಜೆ ಹಿಡಿಯಿತು. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ ಎಂದಾಗ ಮಾತ್ರ ಅವಳ ಮುಖ ಅರಳಿತು. ಈಗ ಡಬ್ಬಿಯಲ್ಲಿ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಹೆಸರುಕಾಳಿನ ಪಲ್ಯ ಹೋಗುತ್ತವೆ. ಮಿಸ್ ಅವರಿಗೂ ಒಂದು ದಿನ ಒಂದು ರೊಟ್ಟಿ ಹೋಯಿತು.