ಮನೆಯೊಳಗಿನ ಧ್ವನಿಮುದ್ರಣ: ಮೊದಲು ಕೊಳ್ಳಬೇಕಾದದ್ದೇನು?

ಹಾಡನ್ನು ಮನೆಯಲ್ಲಿಯೇ ಹಿಡಿದಿಟ್ಟುಕೊಳ್ಳಬೇಕೆಂಬ ಆಸೆ ಇಂದು ನಿನ್ನೆಯದಲ್ಲ. ಹಲಸೂರಿನಲ್ಲಿಯೋ ಇಂದಿರಾನಗರದಲ್ಲಿಯೋ ಒಂದು ಕೋಣೆಯನ್ನು ತೆರವು ಮಾಡಿಸಿಕೊಂಡು, ಮಗಳ ವೀಣೆಯನ್ನೋ ಮಗನ ಗಿಟಾರನ್ನೋ ಅಥವಾ ಮನೆಯ ಹಿರಿಯರ ದೇವರನಾಮಗಳನ್ನೋ ಮುದ್ರಿಸಬೇಕೆಂದು ಹೊರಟ ಗೃಹಸ್ಥನಿಗೆ ಮೊದಲು ಎದುರಾಗುವುದು ಸಂಗೀತದ ಪ್ರಶ್ನೆಯಲ್ಲ, ಹಣದ ಪ್ರಶ್ನೆ. ಕೈಯಲ್ಲಿರುವುದು ಇಷ್ಟು, ಅದರಲ್ಲಿ ಯಾವುದಕ್ಕೆ ಎಷ್ಟು? ಅಂಗಡಿಯವನು ಮೊದಲು ತೋರಿಸುವುದು ದೀಪಗಳು ಮಿನುಗುವ ಯಂತ್ರವನ್ನು. ಕೊಳ್ಳುವವನ ಕಣ್ಣೂ ಅಲ್ಲಿಗೇ ಹೋಗುತ್ತದೆ. ನೂರಿಪ್ಪತ್ತು ವರ್ಷಗಳಿಂದ ಜನ ಹೀಗೆಯೇ ಕೊಂಡಿದ್ದಾರೆ. ಆದ್ದರಿಂದ ಈ ಪ್ರಶ್ನೆಗೆ ಬೆಲೆಪಟ್ಟಿಗಿಂತ ಚರಿತ್ರೆಯೇ ಹೆಚ್ಚು ಉತ್ತರ ಕೊಡಬಲ್ಲದು.

ಹಳೆಯ ಮದರಾಸು ರಸ್ತೆಯನ್ನು ಹಿಡಿದು ಕೃಷ್ಣರಾಜಪುರದ ಕಡೆಗೆ ಹೋದರೆ ದೂರವಾಣಿನಗರ ಸಿಕ್ಕುತ್ತದೆ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ ಬಂದ ಹೆಸರು ಅದು. ಹಿಂದಿನ ಕಾಲದ ಟೆಲಿಫೋನಿನಲ್ಲಿ ನಾವು ಬಾಯಿಗೆ ಹಿಡಿಯುತ್ತಿದ್ದ ಭಾಗದೊಳಗೆ ಇರುತ್ತಿದ್ದುದು ಇದ್ದಿಲಿನ ಕಣಗಳ ಮೈಕು. ಆ ಜಾತಿಯ ಮೈಕಿಗೆ ಮೊದಲ ರೂಪ ಕೊಟ್ಟವರಲ್ಲಿ ಎಮಿಲ್ ಬರ್ಲಿನರ್ ಎಂಬುವನೊಬ್ಬ. ಅದು 1877ರ ಮಾತು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಗ್ರಾಮಫೋನನ್ನು ಹೊರತಂದವನೂ ಅವನೇ. ಮಾತನ್ನು ಮುಟ್ಟಿಸುವ ಸಾಧನವೂ ಹಾಡನ್ನು ಕೂಡಿಡುವ ಸಾಧನವೂ ಒಂದೇ ತಲೆಯಿಂದ ಹುಟ್ಟಿದವು. ಆದರೆ ಎರಡರ ಅಗತ್ಯ ಒಂದೇ ಅಲ್ಲ. ಟೆಲಿಫೋನು ಸಾಗಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ. ಅತ್ತಿಗೆಯ ದನಿ ಯಾವುದು, ನಾದಿನಿಯ ದನಿ ಯಾವುದು ಎಂದು ಗುರುತಿಸಲು ಅಷ್ಟು ಸಾಕು. ವೀಣೆಯ ಮಂದ್ರದ ತುಂಬು ನಾದಕ್ಕಾಗಲಿ, ತಂತಿ ಮೀಟಿದ ಕ್ಷಣದ ಸೂಕ್ಷ್ಮ ಸಪ್ಪಳಕ್ಕಾಗಲಿ ಅದು ಏನೇನೂ ಸಾಲದು. ಬೆಲ್ ಸಂಸ್ಥೆಯ ವೆಂಟೆ ಎಂಬಾತ 1916ರಲ್ಲಿ ಕಂಡೆನ್ಸರ್ ಮೈಕನ್ನು ರೂಪಿಸಿದ ಮೇಲೆ ಈ ಸೂಕ್ಷ್ಮಗಳನ್ನು ಹಿಡಿಯುವ ದಾರಿ ತೆರೆಯಿತು. ಮೈಕು ಕೇಳಿಸಿಕೊಳ್ಳದೆ ಬಿಟ್ಟದ್ದನ್ನು ಮುಂದಿನ ಯಾವ ಯಂತ್ರವೂ, ಎಷ್ಟೇ ಬೆಲೆಬಾಳಲಿ, ಹಿಂದಕ್ಕೆ ತರಲಾರದು.

ಮೈಕೇ ಇಲ್ಲದ ಕಾಲವೂ ಒಂದಿತ್ತು. 1902ರಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡಾಗ, ಆಕೆ ಒಂದು ದೊಡ್ಡ ಕೊಂಬಿನ ಬಾಯಿಗೆ ಮುಖವಿಟ್ಟು ಹಾಡಬೇಕಾಯಿತು. ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದ ಆಸುಪಾಸು. ಆಲಾಪನೆ, ವಿಸ್ತಾರ ಎಲ್ಲಕ್ಕೂ ಅಷ್ಟರಲ್ಲಿಯೇ ಮಂಗಳ. ಆ ಮಹಾಗಾಯಕಿ ತನ್ನ ಕಡೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು.

ಮನೆಯನ್ನೇ ಸ್ಟುಡಿಯೋ ಮಾಡಿದ ನಮ್ಮ ನಾಡಿನ ದೊಡ್ಡ ಉದಾಹರಣೆಯೂ ಮೈಸೂರಿನದೇ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರ ಪ್ರಸಾರಯಂತ್ರದ ಶಕ್ತಿ 30 ವ್ಯಾಟ್. ಇಂದು ಓದುವ ಮೇಜಿನ ದೀಪಕ್ಕೂ ಅದಕ್ಕಿಂತ ಹೆಚ್ಚು ಬಳಸುವವರುಂಟು. ಅಲ್ಲಿ ಮೂಡಿದ ‘ಆಕಾಶವಾಣಿ’ ಎಂಬ ಹೆಸರನ್ನು ಇಡೀ ದೇಶವೇ ಅನಂತರ ಎತ್ತಿಕೊಂಡಿತು. ಅದೇ 1935ರ ಆಗಸ್ಟ್ ತಿಂಗಳಿನಲ್ಲಿ, ಎಂದರೆ ಕೆಲವೇ ವಾರಗಳ ಹಿಂದೆ, ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ‘ಮ್ಯಾಗ್ನೆಟೋಫೋನ್’ ಎಂಬ ಟೇಪಿನ ಯಂತ್ರವನ್ನು ಜನರ ಮುಂದಿಡಲಾಗಿತ್ತು. ಹಾಡು ಗಾಳಿಯಲ್ಲಿ ಹರಡುವ ವ್ಯವಸ್ಥೆ ಮೈಸೂರಿಗೆ ಬಂದಾಗ, ಅದನ್ನು ಸುರುಳಿ ಸುತ್ತಿ ಇಡುವ ವ್ಯವಸ್ಥೆ ಜರ್ಮನಿಯಲ್ಲಿ ಆಗತಾನೇ ಕಣ್ಣು ಬಿಟ್ಟಿತ್ತು. ಪ್ರೊಫೆಸರರ ಮನೆಯಲ್ಲಿ ಹಾಡಿದವರ ಹಾಡು ಕೇಳಿದವರ ಕಿವಿಯಲ್ಲಿ ಉಳಿದಷ್ಟೇ ಉಳಿಯಿತೆಂದು ನೆನೆದಾಗ ಯಾರಿಗಾದರೂ ಹೊಟ್ಟೆ ಚುರುಕ್ಕೆನ್ನದೆ ಇರದು.

1955ರಲ್ಲಿ ಬೆಂಗಳೂರಿಗೆ ಆಕಾಶವಾಣಿ ನಿಲಯ ಬಂದಿತು. ಅಷ್ಟು ಹೊತ್ತಿಗೆ ಟೇಪು ಎಲ್ಲ ಕಡೆಯೂ ಬಾನುಲಿಯ ಬಲಗೈಯಾಗಿತ್ತು. ಮನೆಗಳಲ್ಲಿ ಮಾತ್ರ ಅದು ವಿರಳ. ಪರದೇಶದ ಸಾಮಾನು, ಆಮದಿಗೆ ಪರವಾನಗಿ ಬೇಕು. ಹೊರದೇಶದಿಂದ ಹಿಂದಿರುಗುವ ನೆಂಟರು ಹೊತ್ತು ತಂದರೆ ಉಂಟು, ಇಲ್ಲವಾದರೆ ಇಲ್ಲ. ಯಂತ್ರ ಬಂದ ಮೇಲೆ ಟೇಪಿನ ಖರ್ಚು ಬೇರೆ. 1200 ಅಡಿ ಉದ್ದದ ಒಂದು ಸುರುಳಿ ಸೆಕೆಂಡಿಗೆ ಏಳೂವರೆ ಅಂಗುಲದಂತೆ ಓಡಿದರೆ 32 ನಿಮಿಷಕ್ಕೆ ಮುಗಿಯುತ್ತದೆ. ಅದರರ್ಧ ವೇಗದಲ್ಲಿ ಓಡಿಸಿದರೆ 64 ನಿಮಿಷ. ಗೃಹಸ್ಥ ಯಾವುದನ್ನು ಆರಿಸುತ್ತಾನೆಂದು ಹೇಳಬೇಕಾಗಿಲ್ಲ. ಟೇಪು ಉಳಿಯಿತು, ತಾರಸ್ಥಾಯಿಯ ಹೊಳಪು ಹೋಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟಿನ ವೇಗವಂತೂ ಇನ್ನೂ ಕಡಿಮೆ, ಸೆಕೆಂಡಿಗೆ ಎರಡು ಅಂಗುಲವೂ ಇಲ್ಲ. ಆದರೂ ಮನೆಮನೆಯ ಹಾಡನ್ನು ಉಳಿಸಿದ್ದು ಅದೇ ಬಡ ಕ್ಯಾಸೆಟ್ಟು ಎಂಬುದನ್ನು ಮರೆಯಬಾರದು. ಮುಖ್ಯವಾದ ಚಿತ್ರಗೀತೆಗಳೆಲ್ಲ ಮದರಾಸಿನಲ್ಲಿ ಮುದ್ರಣವಾಗುತ್ತಿದ್ದ ಕಾಲ ಅದು. ಶಂಕರ್ ನಾಗ್, ಅನಂತ್ ನಾಗ್ ಸೋದರರು ‘ಸಂಕೇತ್’ ಧ್ವನಿಮುದ್ರಣ ಕೇಂದ್ರವನ್ನು ಬೆಂಗಳೂರಿನಲ್ಲಿ ಕಟ್ಟಿದ್ದು 1980ರ ದಶಕದಲ್ಲಿ.

1979ರಲ್ಲಿ ಅದೇ ಕ್ಯಾಸೆಟ್ಟಿನ ಮೇಲೆ ನಾಲ್ಕು ಜಾಡುಗಳನ್ನು ಬೇರೆಬೇರೆಯಾಗಿ ಮುದ್ರಿಸುವ ‘ಪೋರ್ಟಾಸ್ಟುಡಿಯೋ’ ಎಂಬ ಪೆಟ್ಟಿಗೆಯನ್ನು ಜಪಾನಿನ ಟಿಯಾಕ್ ಕಂಪನಿ ಹೊರತಂದಿತು. 1982ರ ಆರಂಭದಲ್ಲಿ ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಬಾಡಿಗೆ ಮನೆಯ ಕೋಣೆಯೊಂದರಲ್ಲಿ ಇಂಥ ಪೆಟ್ಟಿಗೆಯನ್ನೂ ಶೂರ್ ಕಂಪನಿಯ ಎರಡು ಸಾಮಾನ್ಯ ಮೈಕುಗಳನ್ನೂ ಇಟ್ಟುಕೊಂಡು ತನ್ನ ಹಾಡುಗಳ ಕರಡನ್ನು ಹಾಡಿಕೊಂಡ. ವಾದ್ಯವೃಂದದೊಡನೆ ದೊಡ್ಡ ಸ್ಟುಡಿಯೋದಲ್ಲಿ ಮತ್ತೆ ಹಾಡಿ ನೋಡಿದರೂ ಕರಡೇ ಮೇಲೆನಿಸಿ, ಕಡೆಗೆ ಅದನ್ನೇ ‘ನೆಬ್ರಾಸ್ಕಾ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಆ ಪೆಟ್ಟಿಗೆ ಇಂದು ವಸ್ತುಸಂಗ್ರಹಾಲಯಕ್ಕೆ ತಕ್ಕ ಸಾಮಾನು. 1965ರಲ್ಲಿ ಹುಟ್ಟಿದ ಆ ಮೈಕಾದರೋ, ಎಸ್‌ಎಂ57, ಇಂದಿಗೂ ತಯಾರಾಗಿ ಮಾರಾಟವಾಗುತ್ತಿದೆ. ಕೂಡಿಡುವ ಯಂತ್ರಕ್ಕೆ ಆಯುಸ್ಸು ಕಡಿಮೆ, ಕೇಳಿಸಿಕೊಳ್ಳುವ ಸಾಧನಕ್ಕೆ ಹೆಚ್ಚು. ಹಾಗಿದ್ದೂ ನಾವು ಹಣ ಸುರಿಯುವುದು ಮಾತ್ರ ಮೊದಲನೆಯದಕ್ಕೆ.

ಮೈಕಿಗಿಂತಲೂ ಆಯುಸ್ಸು ಹೆಚ್ಚಿರುವ ಉಪಕರಣವೊಂದಿದೆ. ಅದು ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಅದು ಕೋಣೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಪನ್ಯಾಸ ಮಂದಿರವೊಂದರಲ್ಲಿ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತಿತ್ತು. ಸರಿಪಡಿಸುವ ಕೆಲಸ ಸಬೈನ್ ಎಂಬ ಯುವಕ ಅಧ್ಯಾಪಕನ ಪಾಲಿಗೆ ಬಂತು. ಆತ ರಾತ್ರಿಯ ಹೊತ್ತು ಇನ್ನೊಂದು ರಂಗಮಂದಿರದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆಗೆ ಮಾರ್ದನಿ ಎಷ್ಟು ಕುಗ್ಗುತ್ತದೆಂದು ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನ ಸೇರಬೇಕು. ಧ್ವನಿಶಾಸ್ತ್ರದ ಒಂದು ದೊಡ್ಡ ಸೂತ್ರ ಹುಟ್ಟಿದ್ದು ಮೆತ್ತೆಗಳಿಂದ. ನಮ್ಮ ಮನೆಗಳಲ್ಲಿ ಹಾಸಿಗೆ, ರಜಾಯಿ, ಜಮಖಾನಗಳಿಗೆ ಬರವೇನೂ ಇಲ್ಲ.

ದಂಡಿನ ಪ್ರದೇಶದ ಹಳೆಯ ಬಂಗಲೆಗಳಿಗೆ ಎತ್ತರದ ಸೂರು, ದಪ್ಪ ಗೋಡೆ, ಸುತ್ತ ಮರಗಳು; ಅಲ್ಲಿ ಪಿಯಾನೋ ನುಡಿಸಿದರೆ ಕೋಣೆಯೇ ಜೊತೆಗೂಡುತ್ತಿತ್ತು. ಆ ಬಂಗಲೆಗಳ ಜಾಗದಲ್ಲಿ ಎದ್ದ ವಸತಿ ಸಮುಚ್ಚಯಗಳಲ್ಲಿ ನಮಗೆ ಸಿಕ್ಕುವುದು ಹತ್ತಡಿ ಚೌಕದ ಕಾಂಕ್ರೀಟ್ ಪೆಟ್ಟಿಗೆ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್ ಸುಮಾರಿನ ಸ್ವರವೊಂದು, ಅದರ ಇಮ್ಮಡಿಯಾದ 113 ಇನ್ನೊಂದು, ಬೇಡವೆಂದರೂ ಮೊಳಗುತ್ತವೆ. ಗಂಡಸಿನ ತಗ್ಗಿದ ಕಂಠ ಇದೇ ನೆರೆಯಲ್ಲಿರುವುದರಿಂದ ಕೆಲವು ಅಕ್ಷರಗಳು ಮಡಕೆಯೊಳಗಿಂದ ಬಂದಂತೆ ಕೇಳಿಸುತ್ತವೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರಂತೂ ದೋಷ ಮೂರು ಪಾಲು. ಆದುದರಿಂದ ಚೌಕದ ಕೋಣೆಗಿಂತ ಉದ್ದನೆಯ ಕೋಣೆ ಲೇಸು. ಪುಸ್ತಕ ತುಂಬಿದ ಕಪಾಟು, ಮೂಲೆಗೆ ಆನಿಸಿದ ದಪ್ಪ ಹಾಸಿಗೆ, ಹಾಡುವವರ ಬೆನ್ನಿಗೆ ರಜಾಯಿ, ಇಷ್ಟರಿಂದಲೇ ಅರ್ಧ ಕೆಲಸವಾಗುತ್ತದೆ.

ಇವೆಲ್ಲ ಒಳಗಿನ ಮಾರ್ದನಿಗೆ ಮದ್ದು, ಹೊರಗಿನ ಗದ್ದಲಕ್ಕಲ್ಲ. ಗೋಡೆಗೆ ಸ್ಪಂಜು ಅಂಟಿಸಿದರೆ ಬೀದಿಯ ಸದ್ದು ನಿಲ್ಲುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆ ನಂಬಿಕೆಯಿಂದ ಲಾಭವಾಗಿರುವುದು ಸ್ಪಂಜು ಮಾರುವವರಿಗೆ. ಸದ್ದನ್ನು ತಡೆಯುವುದು ಭಾರ ಮತ್ತು ಸಂದಿಯಿಲ್ಲದ ಬಾಗಿಲು ಕಿಟಕಿ. ಬಾನುಲಿ ಸ್ಟುಡಿಯೋಗಳಿಗೆ ಎರಡೆರಡು ಭಾರದ ಬಾಗಿಲುಗಳನ್ನು ಇಡುವುದು ಇದಕ್ಕಾಗಿಯೇ. ನಮ್ಮ ಪೂರ್ವ ಭಾಗಕ್ಕೆ ಗದ್ದಲವೂ ಸರದಿಯ ಮೇಲೆ ಬಂದಿದೆ: 1864ರಲ್ಲಿ ದಂಡಿನ ರೈಲು, 2008ರ ಮೇ ತಿಂಗಳವರೆಗೆ ಎಚ್.ಎ.ಎಲ್. ನಿಲ್ದಾಣಕ್ಕೆ ಇಳಿಯುತ್ತಿದ್ದ ಪ್ರಯಾಣಿಕ ವಿಮಾನಗಳು, 2011ರ ಅಕ್ಟೋಬರಿನಿಂದ ಹಲಸೂರು, ಇಂದಿರಾನಗರಗಳ ನೆತ್ತಿಯ ಮೇಲೆ ಮೆಟ್ರೋ. 2023ರಲ್ಲಿ ಅದು ಕೃಷ್ಣರಾಜಪುರವನ್ನೂ ಮುಟ್ಟಿತು. ರೈಲಿನ ಗುಡುಗನ್ನು ಮನೆಯ ಗೋಡೆ ತಡೆಯಲಾರದು. ಗಡಿಯಾರ ನೋಡಿಕೊಂಡು ಕಡೆಯ ರೈಲು ಹೋದ ಮೇಲೆ ಹಾಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಇನ್ನು ಮೈಕಿನ ಜಾತಿ. ದಂಡಿನ ಸಂಗೀತವಾದರೂ ಒಂದು ಬಗೆಯದೇ? ಸೋಮೇಶ್ವರನ ಗುಡಿಯ ಮುಂದೆ ನಾಗಸ್ವರ, ಶಿವಾಜಿನಗರದ ಓಣಿಯಲ್ಲಿ ಕವ್ವಾಲಿ, ಇಗರ್ಜಿಯಲ್ಲಿ ಹಾಡುವ ಮೇಳ, ಪಕ್ಕದ ಮನೆಯಲ್ಲಿ ಗಿಟಾರು. ನಾಗಸ್ವರ ಬೀದಿಗೆಂದೇ ಹುಟ್ಟಿದ ವಾದ್ಯ. ಅದರ ಮುಂದೆ ಗಟ್ಟಿಮುಟ್ಟಾದ ಡೈನಮಿಕ್ ಮೈಕು ಕಂಗೆಡುವುದಿಲ್ಲ. ವೀಣೆ, ತಂಬೂರಿಗಳ ದನಿ ಮೆಲುವು. ಅವಕ್ಕೆ 48 ವೋಲ್ಟಿನ ಆಸರೆ ಬೇಡುವ ಕಂಡೆನ್ಸರ್ ಮೈಕು ಒಪ್ಪುತ್ತದೆ, ಆದರೆ ಕೋಣೆ ಶಾಂತವಾಗಿದ್ದರೆ ಮಾತ್ರ. ಗದ್ದಲದ ಬೀದಿಯ ಮನೆಯಲ್ಲಿ ಅದು ಆಟೋರಿಕ್ಷಾವನ್ನೂ ಅಷ್ಟೇ ಭಕ್ತಿಯಿಂದ ಕೇಳಿಸಿಕೊಳ್ಳುತ್ತದೆ. ಅಂಥ ಕಡೆ ಡೈನಮಿಕ್ ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿಟ್ಟು ಹಾಡುವುದೇ ಜಾಣತನ. ದೂರ ಇಮ್ಮಡಿಯಾದರೆ ಹಾಡಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಬೀದಿಯ ಮಟ್ಟ ಇದ್ದಲ್ಲೇ ಇರುತ್ತದೆ.

ಮಿಕ್ಕದ್ದನ್ನು ಬೇಗ ಹೇಳಬಹುದು. ಮೈಕಿನಿಂದ ಬಂದದ್ದನ್ನು ಕಂಪ್ಯೂಟರಿಗೆ ಅಂಕಿಗಳಾಗಿ ಒಪ್ಪಿಸುವ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಎರಡು ಮೈಕಿನ ದಾರಿ ಇದ್ದರೆ ಒಂದು ಸಂಸಾರಕ್ಕೆ ಧಾರಾಳ. ಎಂಟು ದಾರಿಯದನ್ನು ಕೊಂಡು ಆರನ್ನು ಧೂಳಿಗೆ ಬಿಟ್ಟವರೇ ಹೆಚ್ಚು. ಕಿವಿ ಮುಚ್ಚುವ ಒಳ್ಳೆಯ ಹೆಡ್‌ಫೋನು ಒಂದು; ಸ್ಪೀಕರುಗಳು ಕೋಣೆಯನ್ನು ಪಳಗಿಸಿದ ಮೇಲೆ. ಮನೆಯ ಭೂಸಂಪರ್ಕದ ತಂತಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸುವುದು ಅಗತ್ಯ. ಅದು ಸರಿಯಿಲ್ಲದಿದ್ದರೆ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗಾಟ ಪ್ರತಿಯೊಂದು ಹಾಡಿಗೂ ತಾನೇ ಶ್ರುತಿಯಾಗಿ ಕೂರುತ್ತದೆ.

ಕೂಡಿಡುವ ಖರ್ಚು ಮಾತ್ರ ಪೂರ್ವಿಕರಿಗಿಂತ ನಮಗೆ ಎಷ್ಟೋ ಹಗುರ. 24 ಬಿಟ್, 48 ಕಿಲೋಹರ್ಟ್ಸ್‌ನಂತೆ ಎರಡು ಜಾಡಿನ ಒಂದು ಗಂಟೆಯ ಸಂಗೀತಕ್ಕೆ ಸುಮಾರು ಒಂದು ಗಿಗಾಬೈಟ್ ಜಾಗ ಸಾಕು. ಅರ್ಧ ವೇಗದ ಲೆಕ್ಕಾಚಾರ ಈಗ ಬೇಕಿಲ್ಲ. ಅದನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿ ಇಡಬೇಕು. ಹೊಸ ಸಾಮಾನು ಬಂದ ದಿನ ಮೊದಲು ಮಾಡಬಹುದಾದ ಕೆಲಸವೊಂದಿದೆ: ಅಟ್ಟದ ಮೇಲೆ ಅಜ್ಜಿಯ ದನಿಯಿರುವ ಸುರುಳಿಯೋ ಕ್ಯಾಸೆಟ್ಟೋ ಇದ್ದರೆ ಅದನ್ನು ಇಳಿಸಿ, ಅದನ್ನು ನುಡಿಸಬಲ್ಲ ಯಂತ್ರ ಊರಿನಲ್ಲಿ ಇನ್ನೂ ಒಂದಾದರೂ ಓಡುತ್ತಿರುವಾಗಲೇ, ಇಂಟರ್‌ಫೇಸಿಗೆ ತಂತಿ ಕೊಟ್ಟು ನಕಲು ತೆಗೆದುಕೊಳ್ಳುವುದು. ಬೂಷ್ಟು ಹಿಡಿದಿದ್ದರೆ ಆತುರಪಟ್ಟು ಓಡಿಸದೆ, ಬಲ್ಲವರಿಗೆ ತೋರಿಸಬೇಕು.